ಆರೋಗ್ಯ ಮತ್ತು ಪೌಷ್ಟಿಕತೆಯ ನ್ಯಾಯ: ನಾಗರಿಕ ಸೇವಾ ಪರೀಕ್ಷೆಗಳ ಅಭ್ಯರ್ಥಿಗಳಿಗೆ ಮಾಹಿತಿ

(ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಅಭ್ಯರ್ಥಿಗಳ ಉಪಯೋಗಕ್ಕಾಗಿ)

1. ಪೀಠಿಕೆ

ನಾಗರಿಕ ಸೇವಾ ಪರೀಕ್ಷೆಗಳ ಪೂರ್ವ ತರಬೇತಿಗೆ ಹಾಗೂ ಅದಕ್ಕೆ ಅಗತ್ಯವಾದ ಪ್ರಮಾಣ ಪತ್ರಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಮಾಹಿತಿಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಆರೋಗ್ಯ, ಆಹಾರ ಭದ್ರತೆ ಮತ್ತು ಪೌಷ್ಟಿಕತೆಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಬಹುಪಾಲು ಅಭ್ಯರ್ಥಿಗಳು ಯೋಜನೆಗಳ ಹೆಸರು ಮತ್ತು ಪ್ರಾರಂಭದ ವರ್ಷಗಳನ್ನು ಕಂಠಪಾಠ ಮಾಡಿ ಉತ್ತರಿಸುತ್ತಾರೆ. ಅಂತಹ ಉತ್ತರದಲ್ಲಿ ಸರ್ಕಾರ ಏನು ಕೊಡುತ್ತದೆ ಎಂಬುದು ಇರುತ್ತದೆ. ಅದು ಯಾರಿಗೆ ಸಲ್ಲಬೇಕಾದ ಹಕ್ಕು ಮತ್ತು ಸಲ್ಲದೇ ಹೋದಾಗ ಯಾರು ಹೊಣೆ ಎಂಬುದು ಇರುವುದಿಲ್ಲ. ‘ನ್ಯಾಯ’ ಎಂಬ ಪದ ಪ್ರಶ್ನೆಯಲ್ಲಿ ಬಂದಾಗ ಪರೀಕ್ಷಕರು ಅಪೇಕ್ಷಿಸುವುದು ಈ ಎರಡನೆಯ ಭಾಗವನ್ನೇ.

ಈ ಮೂರು ತಾಲ್ಲೂಕುಗಳ ಅಭ್ಯರ್ಥಿಗಳಿಗೆ ವಿಷಯವು ಪುಸ್ತಕದಲ್ಲಿ ಮಾತ್ರ ಇರುವಂತಹುದಲ್ಲ. ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಶಾಲೆಯ ಬಿಸಿಯೂಟ, ಪ್ರಾಥಮಿಕ ಆರೋಗ್ಯ ಕೇಂದ್ರ ಇವೆಲ್ಲವೂ ಅನೇಕರ ಮನೆಯ ಅನುಭವದಲ್ಲಿಯೇ ಇವೆ. ಆ ಅನುಭವವನ್ನು ಕಾನೂನು ಮತ್ತು ಅಂಕಿಅಂಶಗಳೊಂದಿಗೆ ಜೋಡಿಸಿ ಉತ್ತರವನ್ನಾಗಿ ರೂಪಿಸುವ ವಿಧಾನವನ್ನು ಮುಂದೆ ವಿವರಿಸಲಾಗಿದೆ.

2. ಪರೀಕ್ಷೆಗಳಲ್ಲಿ ಈ ವಿಷಯದ ಸ್ಥಾನ

(ಅ) ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆ: ಸಾಮಾನ್ಯ ಅಧ್ಯಯನದ ಎರಡನೆಯ ಪತ್ರಿಕೆಯಲ್ಲಿ ಆರೋಗ್ಯ ಸೇವೆಗಳ ನಿರ್ವಹಣೆ, ಬಡತನ ಮತ್ತು ಹಸಿವು, ದುರ್ಬಲ ವರ್ಗಗಳ ಕಲ್ಯಾಣ ಯೋಜನೆಗಳು, ಮೂರನೆಯ ಪತ್ರಿಕೆಯಲ್ಲಿ ಸಾರ್ವಜನಿಕ ವಿತರಣಾ ವ್ಯವಸ್ಥೆ ಮತ್ತು ಆಹಾರ ಭದ್ರತೆ, ನಾಲ್ಕನೆಯ ಪತ್ರಿಕೆಯಲ್ಲಿ ನೈತಿಕತೆ ಮತ್ತು ಪ್ರಕರಣ ಅಧ್ಯಯನಗಳು ಪಠ್ಯಕ್ರಮದ ಭಾಗವಾಗಿವೆ. ಪ್ರತಿ ಪತ್ರಿಕೆಗೆ 250 ಅಂಕಗಳು. ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ ಸಾಮಾನ್ಯ ಅಧ್ಯಯನದ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಮುದ್ರಿತವಾಗಿರುತ್ತವೆ. ಆದ್ದರಿಂದ ಪಾರಿಭಾಷಿಕ ಪದಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ತಿಳಿದಿರಬೇಕು.

(ಆ) ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆ: ಪೂರ್ವಭಾವಿ ಹಂತದಲ್ಲಿ ತಲಾ 200 ಅಂಕಗಳ ಎರಡು ವಸ್ತುನಿಷ್ಠ ಪತ್ರಿಕೆಗಳಿದ್ದು, ರಾಜ್ಯಕ್ಕೆ ಸಂಬಂಧಿಸಿದ ವಿಷಯಗಳು ಎರಡನೆಯ ಪತ್ರಿಕೆಯಲ್ಲಿ ಬರುತ್ತವೆ. ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನ ಪತ್ರಿಕೆಗಳಿವೆ. ದಿನಾಂಕ 27.08.2024ರಂದು ನಡೆದ ಪೂರ್ವಭಾವಿ ಪರೀಕ್ಷೆಯು ಕನ್ನಡ ಅನುವಾದದ ದೋಷಗಳ ಕಾರಣ ದಿನಾಂಕ 29.12.2024ರಂದು ಮತ್ತೊಮ್ಮೆ ನಡೆಯಿತು. ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಪ್ರಶ್ನೆಯನ್ನು ಎರಡೂ ಭಾಷೆಗಳಲ್ಲಿ ಓದಿ ಅರ್ಥ ಖಚಿತಪಡಿಸಿಕೊಳ್ಳುವುದು ಒಳಿತು.

ಪಠ್ಯಕ್ರಮ ಮತ್ತು ಅಂಕ ಹಂಚಿಕೆ ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.

3. ‘ನ್ಯಾಯ’ ಎಂಬುದರ ಅರ್ಥ

ಹಸಿದವನಿಗೆ ಅನ್ನ ನೀಡುವುದು ದಾನ. ಆ ಅನ್ನವನ್ನು ಕೇಳಿ ಪಡೆಯುವ ಅಧಿಕಾರ ಹಸಿದವನಿಗೆ ಇರುವುದು ಹಕ್ಕು. ಆ ಹಕ್ಕು ದಲಿತ ಕೇರಿಗೂ ತಾಂಡಾಕ್ಕೂ ಹಟ್ಟಿಗೂ ಊರ ನಡುವಿನ ಮನೆಗೂ ಸಮನಾಗಿ ತಲುಪುವುದು, ತಲುಪದಿದ್ದಲ್ಲಿ ಕಾರಣ ಕೇಳಲು ವ್ಯವಸ್ಥೆ ಇರುವುದು ನ್ಯಾಯ. ಯಾವುದೇ ಪ್ರಶ್ನೆಯನ್ನು ಉತ್ತರಿಸುವಾಗ ಅಭ್ಯರ್ಥಿಗಳು ಕೆಳಕಂಡ ನಾಲ್ಕು ಅಂಶಗಳನ್ನು ಕ್ರಮವಾಗಿ ಪರಿಶೀಲಿಸುವುದು ಸೂಕ್ತ:

1) ಇದು ಯಾರ ಹಕ್ಕು? (ಗರ್ಭಿಣಿ, ಬಾಣಂತಿ, ಆರು ವರ್ಷದೊಳಗಿನ ಮಗು, ಶಾಲಾ ಮಗು, ಪಡಿತರ ಕುಟುಂಬ)
2) ಇದು ಯಾರ ಕರ್ತವ್ಯ? (ಯಾವ ಕಾನೂನು, ಯಾವ ಇಲಾಖೆ, ಯಾವ ಹಂತದ ಅಧಿಕಾರಿ)
3) ಹಕ್ಕು ಎಲ್ಲಿ ತಪ್ಪುತ್ತದೆ? (ನೋಂದಣಿ, ಸರಬರಾಜು, ದೂರ, ವಲಸೆ, ಜಾತಿ, ಲಿಂಗ)
4) ತಪ್ಪಿದಾಗ ಎಲ್ಲಿ ಕೇಳಬೇಕು? (ಕುಂದುಕೊರತೆ ನಿವಾರಣೆ, ಸಾಮಾಜಿಕ ಪರಿಶೋಧನೆ, ಮಾಹಿತಿ ಹಕ್ಕು, ನ್ಯಾಯಾಲಯ)

ಸಾಮಾನ್ಯವಾಗಿ ಅಭ್ಯರ್ಥಿಗಳು ಎರಡನೆಯ ಅಂಶಕ್ಕೆ ನಿಲ್ಲಿಸುತ್ತಾರೆ. ಮೂರು ಮತ್ತು ನಾಲ್ಕನೆಯ ಅಂಶಗಳಿಗೆ ಉತ್ತರವಿದ್ದಲ್ಲಿ ಅಂಕಗಳಲ್ಲಿ ವ್ಯತ್ಯಾಸ ಕಂಡುಬರುತ್ತದೆ.

4. ಮೂರು ತಾಲ್ಲೂಕುಗಳ ಚಿತ್ರಣ

ಸಿಂಧನೂರು ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದ್ದು ಭತ್ತದ ಕಣಜವೆಂದು ಹೆಸರಾಗಿದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಕೃಷ್ಣಾ ನದಿಯ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕೆಲವು ಭಾಗಕ್ಕೆ ದೊರೆಯುತ್ತಿದ್ದರೂ ತೊಗರಿ, ಸಜ್ಜೆ, ಜೋಳ ಬೆಳೆಯುವ ಮಳೆಯಾಶ್ರಿತ ಭೂಮಿ ಗಣನೀಯವಾಗಿದೆ. ಮಸ್ಕಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿತು. ಅಲ್ಲಿನ ಪಾಮನಕಲ್ಲೂರು ಭಾಗದ ರೈತರು 5ಎ ಕಾಲುವೆಗಾಗಿ 2020–21ರಲ್ಲಿ ನಡೆಸಿದ ಹೋರಾಟವು ನೀರಾವರಿಯಿಂದ ಹೊರಗುಳಿದ ಗ್ರಾಮಗಳ ಸ್ಥಿತಿಯನ್ನು ರಾಜ್ಯದ ಗಮನಕ್ಕೆ ತಂದಿತು.

ಭತ್ತವೂ ಚಿನ್ನವೂ ಇರುವ ಈ ಪ್ರದೇಶವನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಹಿಂದುಳಿದ ಪಟ್ಟಿಗೆ ಸೇರಿಸಿತು. 35 ಸೂಚಕಗಳ ಆಧಾರದ ಮೇಲೆ ಆಗಿನ 175 ತಾಲ್ಲೂಕುಗಳಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಲಾಯಿತು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳು. ಸಿಂಧನೂರು ಮತ್ತು ಲಿಂಗಸುಗೂರು ಈ 39ರಲ್ಲಿ ಸೇರಿವೆ. 2018ರಲ್ಲಿ ಕೇಂದ್ರ ಸರ್ಕಾರವು ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕದಿಂದ ಆಯ್ಕೆಯಾದ ಎರಡು ಜಿಲ್ಲೆಗಳು ರಾಯಚೂರು ಮತ್ತು ಯಾದಗಿರಿ. ಆ ಕಾರ್ಯಕ್ರಮದ ಶ್ರೇಯಾಂಕದಲ್ಲಿ ಆರೋಗ್ಯ ಮತ್ತು ಪೌಷ್ಟಿಕತೆಗೆ ಶೇಕಡಾ 30ರಷ್ಟು ಪ್ರಾಮುಖ್ಯತೆ ನೀಡಲಾಗಿದೆ.

ಇದರಿಂದ ತಿಳಿಯಬೇಕಾದ ಅಂಶವೆಂದರೆ, ಊರಿನಲ್ಲಿ ಬೆಳೆದ ಧಾನ್ಯವು ಊರಿನ ಪ್ರತಿಯೊಂದು ಮಗುವಿನ ತಟ್ಟೆಗೆ ತಾನಾಗಿ ಬರುವುದಿಲ್ಲ. ಆಹಾರ ಭದ್ರತೆಗೆ ಲಭ್ಯತೆ, ಕೈಗೆಟುಕುವಿಕೆ, ದೇಹಗತ ಬಳಕೆ ಮತ್ತು ಸ್ಥಿರತೆ ಎಂಬ ನಾಲ್ಕು ಮುಖಗಳಿವೆ. ಇವುಗಳನ್ನು ಸ್ಥಳೀಯವಾಗಿ ಹೀಗೆ ವಿವರಿಸಬಹುದು:

ಲಭ್ಯತೆ: ಸಿಂಧನೂರಿನಲ್ಲಿ ಅಕ್ಕಿಗೆ ಕೊರತೆಯಿಲ್ಲ. ಆದರೆ ಅಕ್ಕಿಯೊಂದರಿಂದಲೇ ಪೌಷ್ಟಿಕತೆ ದೊರೆಯದು. ಜೋಳ, ಸಜ್ಜೆ, ತೊಗರಿ, ಪುಂಡಿ ಸೊಪ್ಪು ಇದ್ದ ಊಟದ ಸ್ಥಳದಲ್ಲಿ ಅಕ್ಕಿಯ ಪ್ರಮಾಣ ಮಾತ್ರ ಹೆಚ್ಚಿದಲ್ಲಿ ಹೊಟ್ಟೆ ತುಂಬಿದರೂ ಕಬ್ಬಿಣಾಂಶ ಮತ್ತು ಸಸಾರಜನಕದ ಕೊರತೆ ಉಳಿಯುತ್ತದೆ.

ಕೈಗೆಟುಕುವಿಕೆ: ಭೂಮಿ ಇಲ್ಲದ ಕೂಲಿ ಕುಟುಂಬವು ಭತ್ತದ ಗದ್ದೆಯಲ್ಲಿ ನಾಟಿ ಮಾಡಿದರೂ ಬೇಳೆ, ಹಾಲು, ಮೊಟ್ಟೆಯನ್ನು ಹಣ ಕೊಟ್ಟೇ ಕೊಳ್ಳಬೇಕು. ಕೂಲಿ ಇಲ್ಲದ ದಿನ ಮೊದಲು ಕೈಬಿಡುವುದು ಇವುಗಳನ್ನೇ. ಮನೆಯೊಳಗೆ ಕೊನೆಯಲ್ಲಿ ಮತ್ತು ಕಡಿಮೆ ಉಣ್ಣುವವಳು ತಾಯಿ.

ದೇಹಗತ ಬಳಕೆ: ಶುದ್ಧ ನೀರು ಇಲ್ಲದಲ್ಲಿ ಉಂಡ ಆಹಾರವು ಮೈಗೆ ಹತ್ತುವುದಿಲ್ಲ. ಪದೇ ಪದೇ ಬರುವ ವಾಂತಿಭೇದಿ ಮಗುವಿನ ತೂಕವನ್ನು ಇಳಿಸುತ್ತದೆ. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಗರಿಷ್ಠ ಮಿತಿ.

ಸ್ಥಿರತೆ: ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದ್‌ಗಳಿಗೆ ಗುಳೆ ಹೋಗುತ್ತವೆ. ಗುಳೆ ಹೋದ ಮಗುವಿನ ಹೆಸರು ಊರಿನ ಅಂಗನವಾಡಿಯ ದಾಖಲೆಯಲ್ಲಿರುತ್ತದೆ. ಮಗು ಕಟ್ಟಡ ಕಾಮಗಾರಿಯ ಶೆಡ್ಡಿನಲ್ಲಿರುತ್ತದೆ. ಪಡಿತರಕ್ಕೆ ‘ಒಂದು ರಾಷ್ಟ್ರ ಒಂದು ಪಡಿತರ ಚೀಟಿ’ ವ್ಯವಸ್ಥೆಯಿಂದ ಬೇರೆಡೆ ಧಾನ್ಯ ಪಡೆಯುವ ಅವಕಾಶ ಬಂದಿದೆ. ಲಸಿಕೆ, ತೂಕದ ದಾಖಲೆ ಮತ್ತು ಪೂರಕ ಆಹಾರವು ಅದೇ ರೀತಿ ಮಗುವಿನೊಂದಿಗೆ ಸಾಗಬೇಕು ಎಂಬುದು ಉತ್ತರದಲ್ಲಿ ಬರೆಯತಕ್ಕ ಸಲಹೆ.

5. ಕಾನೂನಿನ ಚೌಕಟ್ಟು

(ಅ) ಸಂವಿಧಾನ: 21ನೇ ಅನುಚ್ಛೇದದ ಜೀವಿಸುವ ಹಕ್ಕು; 39(ಎಫ್) ಅನುಚ್ಛೇದದಂತೆ ಮಕ್ಕಳ ಆರೋಗ್ಯಕರ ಬೆಳವಣಿಗೆಗೆ ಅವಕಾಶ; 47ನೇ ಅನುಚ್ಛೇದದಂತೆ ಪೌಷ್ಟಿಕತೆಯ ಮಟ್ಟವನ್ನು ಮತ್ತು ಸಾರ್ವಜನಿಕ ಆರೋಗ್ಯವನ್ನು ಸುಧಾರಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯ. 47ನೇ ಅನುಚ್ಛೇದವು ನಿರ್ದೇಶಕ ತತ್ವ. ಅದನ್ನು 21ನೇ ಅನುಚ್ಛೇದದೊಂದಿಗೆ ಓದಿದಾಗ ಆಹಾರದ ಹಕ್ಕಿಗೆ ಬಲ ಬರುತ್ತದೆ.

(ಆ) ನ್ಯಾಯಾಲಯದ ಆದೇಶಗಳು: 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಸರ್ಕಾರಿ ಆಸ್ಪತ್ರೆಗಳು ಸಕಾಲದಲ್ಲಿ ತುರ್ತು ಚಿಕಿತ್ಸೆ ನೀಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 2001ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಹೂಡಿದ ಆಹಾರದ ಹಕ್ಕಿನ ಪ್ರಕರಣದಲ್ಲಿ ದಿನಾಂಕ 28.11.2001ರ ಆದೇಶವು ಚಾಲ್ತಿಯಲ್ಲಿದ್ದ ಆಹಾರ ಯೋಜನೆಗಳನ್ನು ಕಾನೂನುಬದ್ಧ ಹಕ್ಕುಗಳನ್ನಾಗಿ ಪರಿವರ್ತಿಸಿತು ಮತ್ತು ಶಾಲೆಗಳಲ್ಲಿ ಬೇಯಿಸಿದ ಊಟ ನೀಡಲು ನಿರ್ದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ರಾಯಚೂರು ಸೇರಿದಂತೆ ಏಳು ಉತ್ತರದ ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂದು, 2003ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಣೆಯಾಯಿತು.

(ಇ) ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013: ಗ್ರಾಮೀಣ ಜನಸಂಖ್ಯೆಯ ಶೇಕಡಾ 75 ಮತ್ತು ನಗರ ಜನಸಂಖ್ಯೆಯ ಶೇಕಡಾ 50ರವರೆಗೆ ವ್ಯಾಪ್ತಿ. ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋಗ್ರಾಂ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋಗ್ರಾಂ ಧಾನ್ಯ. ನಾಲ್ಕನೆಯ ಪ್ರಕರಣದಂತೆ ಗರ್ಭಿಣಿ ಮತ್ತು ಬಾಣಂತಿಯರಿಗೆ ಉಚಿತ ಊಟ ಹಾಗೂ ರೂ. 6,000ಕ್ಕೆ ಕಡಿಮೆಯಿಲ್ಲದ ಹೆರಿಗೆ ಸೌಲಭ್ಯ. ಐದನೆಯ ಪ್ರಕರಣದಂತೆ ಮಕ್ಕಳಿಗೆ ಊಟ. ಆರನೆಯ ಪ್ರಕರಣದಂತೆ ಅಪೌಷ್ಟಿಕ ಮಕ್ಕಳನ್ನು ಗುರುತಿಸಿ ಆಹಾರ ನೀಡುವ ಹೊಣೆ. ಎಂಟನೆಯ ಪ್ರಕರಣದಂತೆ ಆಹಾರ ದೊರೆಯದಿದ್ದಲ್ಲಿ ಆಹಾರ ಭದ್ರತಾ ಭತ್ಯೆ. 15ನೆಯ ಪ್ರಕರಣದಲ್ಲಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, 16ರಲ್ಲಿ ರಾಜ್ಯ ಆಹಾರ ಆಯೋಗ, 28ರಲ್ಲಿ ಸಾಮಾಜಿಕ ಪರಿಶೋಧನೆ. ಮೂರನೆಯ ವಿಭಾಗದಲ್ಲಿ ಹೇಳಿದ ನಾಲ್ಕು ಅಂಶಗಳಿಗೂ ಈ ಒಂದೇ ಕಾಯ್ದೆಯಲ್ಲಿ ಉತ್ತರ ದೊರೆಯುವುದರಿಂದ ಇದನ್ನು ಪ್ರಕರಣವಾರು ಓದುವುದು ಅವಶ್ಯಕ. ವ್ಯಾಪ್ತಿಯನ್ನು 2011ರ ಜನಗಣತಿಯ ಆಧಾರದ ಮೇಲೆ ನಿಗದಿಪಡಿಸಿದ್ದರಿಂದ ನಂತರದ ಜನಸಂಖ್ಯಾ ಹೆಚ್ಚಳ ಲೆಕ್ಕಕ್ಕೆ ಬಂದಿಲ್ಲ ಎಂಬ ಟೀಕೆಯನ್ನೂ ತಿಳಿದಿರಬೇಕು.

(ಈ) ಯೋಜನೆಗಳು: ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದಿನಾಂಕ 02.10.1975ರಂದು ದೇಶದಲ್ಲಿ 33 ಯೋಜನೆಗಳೊಂದಿಗೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲನೆಯದು ಮೈಸೂರು ಜಿಲ್ಲೆಯ ತಿ. ನರಸೀಪುರ. 2013ರ ಜುಲೈಯಲ್ಲಿ ಅನ್ನಭಾಗ್ಯ, ಅದೇ ವರ್ಷದ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ, 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ, 2018ರ ಮಾರ್ಚ್‌ನಲ್ಲಿ ಕೇಂದ್ರದ ಪೋಷಣ್ ಅಭಿಯಾನ ಆರಂಭವಾದವು. ವರ್ಷಗಳನ್ನು ಪೂರ್ವಭಾವಿ ಪರೀಕ್ಷೆಗೆ ನೆನಪಿಡುವುದು ಸಾಕು. ಮುಖ್ಯ ಪರೀಕ್ಷೆಯಲ್ಲಿ ಅವುಗಳ ಪಟ್ಟಿ ಉತ್ತರವಾಗದು.

6. ರಾಯಚೂರು ಪ್ರಕರಣ: 2011–12

2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ತೀವ್ರ ಅಪೌಷ್ಟಿಕತೆ ಮತ್ತು ಸಾವುಗಳ ಕುರಿತು ಮಾಧ್ಯಮಗಳಲ್ಲಿ ವರದಿಗಳು ಬಂದವು. ವಿಷಯವು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿಯು 2012ರಲ್ಲಿ ಮಕ್ಕಳ ಅಪೌಷ್ಟಿಕತೆ ತಡೆಗಟ್ಟುವ ಕುರಿತು ವರದಿ ನೀಡಿತು.

ಈ ಪ್ರಕರಣವನ್ನು ಉತ್ತರದಲ್ಲಿ ಬಳಸುವಾಗ ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ಅಪೌಷ್ಟಿಕತೆಯು ಸಾವಿನ ಕಾರಣವಾಗಿ ದಾಖಲೆಯಲ್ಲಿ ವಿರಳವಾಗಿ ಕಾಣಿಸುತ್ತದೆ. ಮರಣ ದಾಖಲೆಯಲ್ಲಿ ಬರೆಯಲ್ಪಡುವುದು ನ್ಯುಮೋನಿಯಾ, ವಾಂತಿಭೇದಿ, ಜ್ವರ ಅಥವಾ ಕಡಿಮೆ ಜನನ ತೂಕ. ಚೆನ್ನಾಗಿ ಉಂಡು ಬೆಳೆದ ಮಗು ತಾಳಿಕೊಳ್ಳುವ ಸೋಂಕನ್ನು ಸೊರಗಿದ ಮಗು ತಾಳಿಕೊಳ್ಳದು. ಆದ್ದರಿಂದ ‘ಹಸಿವಿನಿಂದ ಯಾರೂ ಸತ್ತಿಲ್ಲ’ ಎಂಬ ಹೇಳಿಕೆ ಮತ್ತು ‘ಅಪೌಷ್ಟಿಕತೆಯಿಂದ ಮಕ್ಕಳು ಸಾಯುತ್ತಿದ್ದಾರೆ’ ಎಂಬ ಹೇಳಿಕೆ ಒಂದೇ ದಾಖಲೆಯ ಮೇಲೆ ಏಕಕಾಲಕ್ಕೆ ನಿಲ್ಲಬಲ್ಲವು. ಆಡಳಿತಗಾರನು ರೋಗದ ಹೆಸರಿನ ಹಿಂದಿನ ತೂಕದ ದಾಖಲೆಯನ್ನು ನೋಡಬೇಕು.

ತೀವ್ರ ಅಪೌಷ್ಟಿಕತೆಯನ್ನು ಗುರುತಿಸುವ ಮಾನದಂಡಗಳು: ಎತ್ತರಕ್ಕೆ ತಕ್ಕ ತೂಕವು ಪ್ರಮಾಣಿತ ಮಟ್ಟಕ್ಕಿಂತ ಮೂರು ಪ್ರಮಾಣಿತ ವಿಚಲನೆಗಳಷ್ಟು ಕೆಳಗಿರುವುದು, 6 ರಿಂದ 59 ತಿಂಗಳ ಮಗುವಿನ ಮೇಲ್ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇರುವುದು. ಅಥವಾ ಎರಡೂ ಪಾದಗಳಲ್ಲಿ ಬಾವು. ವೈದ್ಯಕೀಯ ತೊಡಕುಗಳಿರುವ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲಾಗುತ್ತದೆ. ಅಲ್ಲಿ ಸುಮಾರು 14 ದಿನ ತಾಯಿ ಜೊತೆಗಿರಬೇಕು. ಕೂಲಿ ಬಿಟ್ಟು, ಮನೆಯಲ್ಲಿ ಉಳಿದ ಮಕ್ಕಳನ್ನು ಬಿಟ್ಟು ಬರುವುದು ಅವಳಿಗೆ ಎಷ್ಟು ಕಷ್ಟವೆಂಬುದನ್ನು ತಿಳಿದ ಅಭ್ಯರ್ಥಿಯು ತಾಯಿಗೆ ನೀಡುವ ಕೂಲಿ ನಷ್ಟ ಪರಿಹಾರವು ಚಿಕಿತ್ಸೆಯ ಭಾಗವೇ ಎಂದು ಬರೆಯಬಲ್ಲನು.

7. ಅಂಕಿಅಂಶಗಳ ಬಳಕೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ (2015–16) ಮತ್ತು ಐದನೆಯ (2019–21) ಸುತ್ತಿನಲ್ಲಿ ಕರ್ನಾಟಕದ ಶೇಕಡಾವಾರು ಅಂಕಿಅಂಶಗಳು ಹೀಗಿವೆ:

ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ (ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು): 36.2 ರಿಂದ 35.4
ಕೃಶತೆ (ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು): 26.1 ರಿಂದ 19.5
ಕಡಿಮೆ ತೂಕ (ವಯಸ್ಸಿಗೆ ತಕ್ಕ ತೂಕವಿಲ್ಲದಿರುವುದು): 35.2 ರಿಂದ 32.9
6 ರಿಂದ 59 ತಿಂಗಳ ಮಕ್ಕಳಲ್ಲಿ ರಕ್ತಹೀನತೆ: 60.9 ರಿಂದ 65.5
15 ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ: 44.8 ರಿಂದ 47.8

ಕೃಶತೆ ಇಳಿದಿದೆ, ರಕ್ತಹೀನತೆ ಏರಿದೆ, ಕುಂಠಿತ ಬೆಳವಣಿಗೆ ಬಹುತೇಕ ನಿಂತಲ್ಲೇ ನಿಂತಿದೆ. ಮೂರನ್ನೂ ಒಟ್ಟಿಗೆ ಬರೆಯಬೇಕು. ಇಳಿದ ಅಂಕಿಯನ್ನು ಮಾತ್ರ ಬರೆದರೆ ಪ್ರಶಂಸೆಯಾಗುತ್ತದೆ, ಏರಿದ್ದನ್ನು ಮಾತ್ರ ಬರೆದರೆ ದೂರಾಗುತ್ತದೆ. ಕೃಶತೆಯು ಇತ್ತೀಚಿನ ಹಸಿವು ಮತ್ತು ರೋಗದ ಗುರುತು. ಕುಂಠಿತ ಬೆಳವಣಿಗೆಯು ಗರ್ಭದಿಂದ ಎರಡು ವರ್ಷದವರೆಗಿನ ದೀರ್ಘ ಕೊರತೆಯ ಗುರುತು. ತಾಯಿಯೇ ರಕ್ತಹೀನಳಾಗಿರುವಾಗ ಮಗುವಿನ ಬೆಳವಣಿಗೆಯನ್ನು ಅಂಗನವಾಡಿಯ ಊಟವೊಂದೇ ಸರಿಪಡಿಸಲಾರದು ಎಂಬ ತೀರ್ಮಾನಕ್ಕೆ ಈ ಅಂಕಿಗಳು ಆಧಾರವಾಗುತ್ತವೆ.

ರಾಜ್ಯದ ಸರಾಸರಿಯು ಜಿಲ್ಲೆಗಳ ನಡುವಿನ ಅಂತರವನ್ನು ಮರೆಮಾಡುತ್ತದೆ. ಜಿಲ್ಲಾವಾರು ಮಾಹಿತಿ ಪತ್ರಗಳನ್ನು ಓದಿ ರಾಯಚೂರನ್ನು ದಕ್ಷಿಣದ ಒಂದು ಜಿಲ್ಲೆಯೊಂದಿಗೆ ಹೋಲಿಸಿ ಟಿಪ್ಪಣಿ ಮಾಡಿಕೊಳ್ಳುವುದು ಉಪಯುಕ್ತ. ತಾಯಿ ಮರಣ ಅನುಪಾತವು 2018–20ರ ಮಾದರಿ ನೋಂದಣಿ ವ್ಯವಸ್ಥೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69. ಸರಾಸರಿ ಉತ್ತಮವಾಗಿದ್ದರೂ 2024ರ ನವೆಂಬರ್‌ನಲ್ಲಿ ನೆರೆಯ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಂಭವಿಸಿದ ಬಾಣಂತಿಯರ ಸಾವುಗಳು ಔಷಧ ಗುಣಮಟ್ಟ ಮತ್ತು ತಾಯಿ ಮರಣ ಪರಿಶೋಧನೆಯ ಪ್ರಶ್ನೆಗಳನ್ನು ಮುಂದಿಟ್ಟವು.

8. ಒಂದು ನೀತಿಯ ವಿಮರ್ಶೆ: ಶಾಲೆಯಲ್ಲಿ ಮೊಟ್ಟೆ

‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂಬ ಪ್ರಶ್ನೆಗಳಿಗೆ ಇದು ಉತ್ತಮ ಉದಾಹರಣೆ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ 1 ರಿಂದ 8ನೇ ತರಗತಿಯ ಮಕ್ಕಳಿಗೆ ಬಿಸಿಯೂಟದೊಂದಿಗೆ ಬೇಯಿಸಿದ ಮೊಟ್ಟೆ, ಮೊಟ್ಟೆ ಸೇವಿಸದವರಿಗೆ ಬಾಳೆಹಣ್ಣು ನೀಡುವ ಕಾರ್ಯಕ್ರಮ ಆರಂಭವಾಯಿತು. ಕೆಲವು ಮಠಾಧೀಶರು ಮತ್ತು ಸಂಘಟನೆಗಳು ವಿರೋಧ ವ್ಯಕ್ತಪಡಿಸಿದವು. ಶಾಲಾ ಮಕ್ಕಳೇ ಮೊಟ್ಟೆ ಬೇಕೆಂದು ಬಹಿರಂಗವಾಗಿ ಕೇಳಿದರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ನೀಡಿದ ಯಾದಗಿರಿಯನ್ನು, ನೀಡದ ಗದಗ ಜಿಲ್ಲೆಯೊಂದಿಗೆ ಹೋಲಿಸಿ ನಡೆಸಿದ ಅಧ್ಯಯನದಲ್ಲಿ ಮೊಟ್ಟೆ ಪಡೆದ ಮಕ್ಕಳ ತೂಕದಲ್ಲಿ ಹೆಚ್ಚಿನ ಏರಿಕೆ ಕಂಡುಬಂದಿತು. ನಂತರ ಕಾರ್ಯಕ್ರಮವು ರಾಜ್ಯಕ್ಕೆ ವಿಸ್ತರಣೆಯಾಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರದ ಆರು ದಿನಕ್ಕೆ ಹೆಚ್ಚಿತು.

ಉತ್ತರದಲ್ಲಿ ಮೂರು ಹಂತಗಳಿರಲಿ: ವೈಜ್ಞಾನಿಕ ಆಧಾರ, ಭಿನ್ನಾಭಿಪ್ರಾಯದ ಸ್ವರೂಪ, ಆಯ್ಕೆಯ ಸ್ವಾತಂತ್ರ್ಯವನ್ನು ಕಾಪಾಡಿದ ಆಡಳಿತಾತ್ಮಕ ಪರಿಹಾರ. ಯಾವುದೇ ಸಮುದಾಯದ ಆಹಾರ ಪದ್ಧತಿಯನ್ನು ಕೀಳಾಗಿ ಕಾಣುವ ಭಾಷೆಯನ್ನು ಬಳಸಬಾರದು.

9. ಮಾದರಿ ಪ್ರಶ್ನೆ ಮತ್ತು ಉತ್ತರ

ಪ್ರಶ್ನೆ: ಧಾನ್ಯದ ಸಮೃದ್ಧಿಯು ಪೌಷ್ಟಿಕತೆಯ ಖಾತ್ರಿಯಲ್ಲ. ಕಲ್ಯಾಣ ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ವಿವೇಚಿಸಿ.

ಉತ್ತರ: ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು ರಾಜ್ಯದ ಪ್ರಮುಖ ಭತ್ತದ ಪ್ರದೇಶ, ಆದರೂ 2002ರ ನಂಜುಂಡಪ್ಪ ವರದಿಯಲ್ಲಿ ಅದು ಅತ್ಯಂತ ಹಿಂದುಳಿದ ತಾಲ್ಲೂಕು. ಉತ್ಪಾದನೆ ಮತ್ತು ಪೌಷ್ಟಿಕತೆಯ ನಡುವೆ ಭೂ ಒಡೆತನ, ಕೂಲಿ, ಶುದ್ಧ ನೀರು, ತಾಯಿಯ ಆರೋಗ್ಯ ಎಂಬ ಕೊಂಡಿಗಳಿವೆ. ಒಂದು ಕಳಚಿದರೂ ಮಗು ಸೊರಗುತ್ತದೆ. ರಾಜ್ಯದ ಮಕ್ಕಳಲ್ಲಿ ಕೃಶತೆ ಇಳಿದರೂ ರಕ್ತಹೀನತೆ ಶೇಕಡಾ 65.5ಕ್ಕೆ ಏರಿರುವುದು ಹೊಟ್ಟೆ ತುಂಬುವುದಕ್ಕೂ ಪೌಷ್ಟಿಕತೆಗೂ ಇರುವ ಅಂತರವನ್ನು ತೋರಿಸುತ್ತದೆ. ಆಹಾರ ಭದ್ರತಾ ಕಾಯ್ದೆಯು ಊಟವನ್ನು ಹಕ್ಕಾಗಿಸಿದೆ. ಗುಳೆ ಹೋಗುವ ಕುಟುಂಬಕ್ಕೆ ಆ ಹಕ್ಕು ಊರಿನ ಗಡಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಬೇಳೆ, ಸಿರಿಧಾನ್ಯ, ಮೊಟ್ಟೆಯನ್ನೊಳಗೊಂಡ ಆಹಾರ ವೈವಿಧ್ಯ. ವಲಸೆ ಮಕ್ಕಳಿಗೆ ಸೇವೆಗಳ ಮುಂದುವರಿಕೆ. ನೀರು ಮತ್ತು ಪೌಷ್ಟಿಕತೆಯ ಜಂಟಿ ಯೋಜನೆ. ಗ್ರಾಮಸಭೆಯಲ್ಲಿ ಸಾಮಾಜಿಕ ಪರಿಶೋಧನೆ ಅವಶ್ಯಕ. ಧಾನ್ಯವನ್ನು ಗೋದಾಮಿನಲ್ಲಿ ಅಳೆಯುವಂತೆ ಪೌಷ್ಟಿಕತೆಯನ್ನು ಮಗುವಿನ ತೂಕದಲ್ಲಿ ಅಳೆಯಬೇಕು.

10. ನೈತಿಕತೆ ಪತ್ರಿಕೆಗೆ ಮಾದರಿ ಪ್ರಕರಣ

(ಇದು ಅಭ್ಯಾಸಕ್ಕಾಗಿ ರಚಿಸಿದ ಕಾಲ್ಪನಿಕ ಪ್ರಕರಣ.) ತಾಲ್ಲೂಕೊಂದಕ್ಕೆ ಹೊಸದಾಗಿ ಬಂದ ಅಧಿಕಾರಿಯು ತಾಂಡಾ ಒಂದರ ಅಂಗನವಾಡಿಗೆ ಭೇಟಿ ನೀಡಿದಾಗ ದಾಖಲೆಯಲ್ಲಿ 32 ಮಕ್ಕಳು ಹಾಜರಿದ್ದು, ಕೇಂದ್ರದಲ್ಲಿ 11 ಮಕ್ಕಳಿರುತ್ತಾರೆ. ತೂಕದ ಪುಸ್ತಕದಲ್ಲಿ ಯಾವ ಮಗುವೂ ತೀವ್ರ ಅಪೌಷ್ಟಿಕವಲ್ಲ. ವಿಚಾರಿಸಿದಾಗ ಕಾರ್ಯಕರ್ತೆಯು, ಕುಟುಂಬಗಳು ಗುಳೆ ಹೋಗಿವೆ. ಹಾಜರಾತಿ ಕಡಿಮೆ ತೋರಿಸಿದರೆ ಆಹಾರದ ಪೂರೈಕೆ ಕಡಿತವಾಗುತ್ತದೆ, ಅಪೌಷ್ಟಿಕ ಮಕ್ಕಳನ್ನು ತೋರಿಸಿದರೆ ನೋಟಿಸು ಬರುತ್ತದೆ ಎಂದು ಅಳುತ್ತಾಳೆ. ಅಧಿಕಾರಿಯು ಏನು ಮಾಡಬೇಕು?

ಬಹುಪಾಲು ಅಭ್ಯರ್ಥಿಗಳು ಕಾರ್ಯಕರ್ತೆಯನ್ನು ಅಮಾನತುಗೊಳಿಸುತ್ತಾರೆ ಅಥವಾ ಕ್ಷಮಿಸುತ್ತಾರೆ. ಎರಡರಲ್ಲಿಯೂ ಮಕ್ಕಳು ಉತ್ತರದಿಂದ ಹೊರಗುಳಿಯುತ್ತಾರೆ. ಮೊದಲು ಅದೇ ದಿನ ಇರುವ 11 ಮಕ್ಕಳ ತೂಕ ಮತ್ತು ತೋಳಿನ ಸುತ್ತಳತೆ ಪರೀಕ್ಷೆ, ಅಗತ್ಯವಿರುವವರ ಚಿಕಿತ್ಸೆ. ಎರಡನೆಯದಾಗಿ ಗುಳೆ ಹೋದ ಮಕ್ಕಳ ಪಟ್ಟಿಯನ್ನು ತಲುಪಿದ ಊರಿನ ಇಲಾಖೆಗೆ ಕಳುಹಿಸುವುದು. ಮೂರನೆಯದಾಗಿ ಸುಳ್ಳು ದಾಖಲೆಯ ಕುರಿತು ನಿಯಮಾನುಸಾರ ವಿಚಾರಣೆ. ನಾಲ್ಕನೆಯದಾಗಿ, ಸತ್ಯ ಬರೆದವರಿಗೆ ನೋಟಿಸು ಬರುವ ಪದ್ಧತಿಯನ್ನೇ ಬದಲಿಸಲು ಮೇಲಧಿಕಾರಿಗಳಿಗೆ ವರದಿ. ಅಪೌಷ್ಟಿಕ ಮಗುವನ್ನು ಗುರುತಿಸುವುದು ಕಾರ್ಯಕರ್ತೆಯ ಕೆಲಸದ ಯಶಸ್ಸೆಂದು ಪರಿಗಣಿತವಾಗುವವರೆಗೆ ದಾಖಲೆಗಳು ಸತ್ಯ ಹೇಳುವುದಿಲ್ಲ.

11. ಸ್ಥಳೀಯವಾಗಿ ಕೈಗೊಳ್ಳಬಹುದಾದ ಅಧ್ಯಯನ

1) ಹತ್ತಿರದ ಅಂಗನವಾಡಿ ಕೇಂದ್ರದಲ್ಲಿ ಅನುಮತಿ ಪಡೆದು ಬೆಳವಣಿಗೆ ನಕ್ಷೆಯನ್ನು ಓದುವುದನ್ನು ಕಲಿಯುವುದು. ಮಕ್ಕಳ ಹೆಸರು, ಭಾವಚಿತ್ರ ಸಂಗ್ರಹಿಸಬಾರದು.
2) ನ್ಯಾಯಬೆಲೆ ಅಂಗಡಿಯ ಫಲಕದಲ್ಲಿರುವ ದಾಸ್ತಾನು, ದರ, ದೂರು ಸಂಖ್ಯೆಯ ವಿವರ ಗಮನಿಸುವುದು.
3) ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯನ್ನು ಮಾನದಂಡದೊಂದಿಗೆ ಹೋಲಿಸುವುದು. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕು.
4) ಗ್ರಾಮಸಭೆಯಲ್ಲಿ ಭಾಗವಹಿಸಿ ಆರೋಗ್ಯ ಮತ್ತು ನೀರಿನ ವಿಷಯ ಚರ್ಚೆಯಾದ ಬಗೆಯನ್ನು ಬರೆದಿಡುವುದು.
5) ಅಗತ್ಯ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕೋರುವುದು.

12. ಸಾಮಾನ್ಯ ತಪ್ಪುಗಳು

(ಅ) ಮಸ್ಕಿಯ ಅಶೋಕನ ಶಾಸನವನ್ನು ಆರೋಗ್ಯದ ಪ್ರಶ್ನೆಯಲ್ಲಿ ತಪ್ಪಾಗಿ ಉಲ್ಲೇಖಿಸುವುದು. 1915ರಲ್ಲಿ ಪತ್ತೆಯಾದ ಈ ಕಿರು ಬಂಡೆಶಾಸನದ ಮಹತ್ವವಿರುವುದು ಅಶೋಕನ ಹೆಸರನ್ನು ನೇರವಾಗಿ ನಮೂದಿಸಿರುವುದರಲ್ಲಿ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧಿ ಗಿಡಗಳು ಮತ್ತು ಬಾವಿಗಳ ವಿಷಯ ಬರುವುದು ಎರಡನೆಯ ಪ್ರಧಾನ ಬಂಡೆಶಾಸನದಲ್ಲಿ.
(ಆ) ಕುಂಠಿತ ಬೆಳವಣಿಗೆ, ಕೃಶತೆ ಮತ್ತು ಕಡಿಮೆ ತೂಕವನ್ನು ಒಂದೇ ಅರ್ಥದಲ್ಲಿ ಬಳಸುವುದು.
(ಇ) ಸಮೀಕ್ಷೆಯ ವರ್ಷ ನಮೂದಿಸದೆ ಅಂಕಿ ಬರೆಯುವುದು.
(ಈ) ಪೋಷಕರ ಅಜ್ಞಾನವೇ ಅಪೌಷ್ಟಿಕತೆಗೆ ಕಾರಣವೆಂದು ಬರೆಯುವುದು. ತಿಳಿವಳಿಕೆ ಅವಶ್ಯಕ, ಆದರೆ ಬೇಳೆ ಕೊಳ್ಳಲು ಹಣವಿಲ್ಲದ ತಾಯಿಗೆ ಬೇಳೆಯ ಮಹತ್ವವನ್ನು ಬೋಧಿಸುವುದು ಪರಿಹಾರವಲ್ಲ.

13. ಅರ್ಜಿದಾರರ ಗಮನಕ್ಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಿಗೆ ಸಂಬಂಧಿಸಿದ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಸಂವಿಧಾನದ 371(ಜೆ) ಅನುಚ್ಛೇದದಡಿ ಸ್ಥಳೀಯ ವ್ಯಕ್ತಿ ಅರ್ಹತಾ ಪ್ರಮಾಣ ಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ಉಪವಿಭಾಗದ ಕಚೇರಿಯು ಲಿಂಗಸುಗೂರಿನಲ್ಲಿದೆ. ಈ ಅನುಚ್ಛೇದದಡಿ ಪ್ರಾದೇಶಿಕ ವೃಂದದ ಗ್ರೂಪ್ ‘ಎ’ (ಕಿರಿಯ ಶ್ರೇಣಿ) ಮತ್ತು ಗ್ರೂಪ್ ‘ಬಿ’ ಹುದ್ದೆಗಳಲ್ಲಿ ಶೇಕಡಾ 75, ಗ್ರೂಪ್ ‘ಸಿ’ಯಲ್ಲಿ ಶೇಕಡಾ 80, ಗ್ರೂಪ್ ‘ಡಿ’ಯಲ್ಲಿ ಶೇಕಡಾ 85 ಸ್ಥಳೀಯರಿಗೆ ಮೀಸಲು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೋರುವವರು ವ್ಯಾಸಂಗ ಪ್ರಮಾಣ ಪತ್ರಗಳನ್ನು ನಿಗದಿತ ನಮೂನೆಯಲ್ಲಿ ಪಡೆದಿರಬೇಕು. ಅಧಿಸೂಚನೆ ಹೊರಬಿದ್ದ ನಂತರ ದಟ್ಟಣೆ ಹೆಚ್ಚುವುದರಿಂದ ಮುಂಚಿತವಾಗಿಯೇ ಅರ್ಜಿ ಸಲ್ಲಿಸಲು ಹಾಗೂ ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳಲು ಸೂಚಿಸಲಾಗಿದೆ.

ಇಂದು ನಾಡಕಚೇರಿಯ ಸಾಲಿನಲ್ಲಿ ನಿಂತಿರುವ ಅಭ್ಯರ್ಥಿಯು ಆಯ್ಕೆಯಾದಲ್ಲಿ ಮುಂದೆ ಅದೇ ಸಾಲಿನ ಆಚೆ ಬದಿಯಲ್ಲಿ ಕುಳಿತು ಪಡಿತರ ಚೀಟಿ, ಹೆರಿಗೆ ಸೌಲಭ್ಯ, ಅಂಗನವಾಡಿ ಕಟ್ಟಡದ ಕಡತಗಳಿಗೆ ಸಹಿ ಹಾಕುವವರಾಗುತ್ತಾರೆ. ಒಂದು ಕಡತ ಮೂರು ತಿಂಗಳು ತಡವಾದಲ್ಲಿ ಗರ್ಭಿಣಿಗೆ ಊಟ ದೊರೆಯುವ ಹೊತ್ತಿಗೆ ಹೆರಿಗೆಯಾಗಿರುತ್ತದೆ. ಈ ವಿಷಯದ ಅಧ್ಯಯನವು ಪರೀಕ್ಷೆಯ ಅಂಕಗಳಿಗೆ ಎಷ್ಟು ಅವಶ್ಯಕವೋ ನಂತರದ ಸೇವೆಗೂ ಅಷ್ಟೇ ಅವಶ್ಯಕವೆಂಬುದನ್ನು ಅಭ್ಯರ್ಥಿಗಳು ಗಮನದಲ್ಲಿಟ್ಟುಕೊಳ್ಳುವುದು.